ಗಿಲ್ಬರ್ಟ್ ಹಿಲ್: ಮಳೆಯ ಮೇಲೆ ಹಾಕಿ ಜಾರಿಕೊಳ್ಳಬೇಡಿ

ಮಾನ್ಯರೇ,

ಮುಂಬೈನ ಅಂಧೇರಿಯಲ್ಲಿರುವ ನಮ್ಮ ಗಿಲ್ಬರ್ಟ್ ಹಿಲ್ ಗುಡ್ಡದಿಂದ ಕಲ್ಲು ಉರುಳಿದ ಬಗ್ಗೆ ನಿಮ್ಮ ಪತ್ರಿಕೆಯ ವರದಿ ಓದಿ ಮೈ ಉರಿಯಿತು. ಮಳೆಗೆ ಕಲ್ಲು ಸಡಿಲವಾಯಿತು ಅಂತ ಅಧಿಕಾರಿಗಳು ಹೇಳಿದ್ದಾರೆ. ಮುಂಬೈಗೆ ಮಳೆ ಈ ವರ್ಷವೇ ಬಂತಾ? 6 ಕೋಟಿ ವರ್ಷಕ್ಕೂ ಹಿಂದೆ ಜ್ವಾಲಾಮುಖಿಯ ಶಿಲಾರಸ ಹೆಪ್ಪುಗಟ್ಟಿ ಆದ ಬಸಾಲ್ಟ್ ಬಂಡೆ ಅದು. ಆರುವಾಗ ಕುಗ್ಗಿ, ಮೇಲಿಂದ ಕೆಳಗೆ ಬಿರುಕು ಬಿಟ್ಟು, ಕಂಬ ಕಂಬವಾಗಿ ಸುಮಾರು 200 ಅಡಿ ಎತ್ತರ ನಿಂತಿದೆ. ಆ ಬಿರುಕಿಗೆ ನೀರು ಇಳಿಯುತ್ತದೆ, ಒಪ್ಪೋಣ. ಆದರೆ ಪಕ್ಕದಲ್ಲೇ ಡ್ರಿಲ್ ಹಾಕಿ ದಿನವಿಡೀ ನಡುಗಿಸಿದರೆ, ಬುಡ ಕೆರೆದರೆ, ಮೇಲಿನ ಕಂಬಕ್ಕೆ ಆಸರೆ ಎಲ್ಲಿಂದ ಬರಬೇಕು? ಅದರ ಬಗ್ಗೆ ವರದಿಯಲ್ಲಿ ಒಂದು ಸಾಲೂ ಇಲ್ಲ.

ನಾವು ಗುಡ್ಡದ ಕೆಳಗಿನ ಗಲ್ಲಿಯಲ್ಲೇ ಇರುವವರು. ಕಿಟಕಿ ತೆರೆದರೆ ಧೂಳು, ಮುಚ್ಚಿದರೆ ಸೆಕೆ. ಒಣಗಲು ಹಾಕಿದ ಬಟ್ಟೆ ಮತ್ತೆ ಒಗೆಯಬೇಕು. ಲಾರಿಗಳು ಅಡ್ಡ ನಿಂತಿರುವುದರಿಂದ ಆಟೋದವರು ಒಳಗೆ ಬರುವುದಿಲ್ಲ, ಮೊಣಕಾಲು ನೋವಿನ ಅಮ್ಮ ಮುಖ್ಯರಸ್ತೆವರೆಗೆ ನಡೆಯಬೇಕು. ಈಗ ಕಲ್ಲು ಬಿದ್ದ ಮೇಲೆ ಮೆಟ್ಟಿಲಿಗೂ ಹಗ್ಗ ಕಟ್ಟಿದ್ದಾರೆ. ಮೇಲಿನ ಗಾಂವ್‌ದೇವಿ ಗುಡಿಗೆ ಹೋಗುವಂತಿಲ್ಲ. ಡ್ರಿಲ್ ಮಾತ್ರ ನಿಂತಿಲ್ಲ! ಭಕ್ತರು ನಡೆದರೆ ಅಪಾಯ, ಯಂತ್ರ ನಡೆದರೆ ಇಲ್ಲ, ಅಲ್ವಾ?

ಹಿಂದೆ ಕಲ್ಲುಗಣಿಯವರು ಸುತ್ತಲೂ ಕಡಿದು ಕಡಿದೇ ಗುಡ್ಡ ಇಷ್ಟಕ್ಕೆ ಬಂದಿದೆ. 2007ರಲ್ಲಿ ಗ್ರೇಡ್ 2 ಪಾರಂಪರಿಕ ತಾಣ ಅಂತ ಘೋಷಿಸಿದರು. ನಾವು ಎಷ್ಟು ಖುಷಿಪಟ್ಟಿದ್ದೆವು! ಆ ಘೋಷಣೆಯಿಂದ ಒಂದು ಡ್ರಿಲ್ ನಿಲ್ಲಿಸಲು ಆಗದಿದ್ದರೆ ಅದು ಯಾಕೆ ಬೇಕು? ಅಮೆರಿಕದ ವಯೋಮಿಂಗ್‌ನಲ್ಲಿರುವ ಡೆವಿಲ್ಸ್ ಟವರ್ ಕೂಡ ಇದೇ ಥರ ಕಂಬಕಂಬದ ಬಂಡೆ. ಅದನ್ನು 1906ರಲ್ಲೇ ರಾಷ್ಟ್ರೀಯ ಸ್ಮಾರಕ ಮಾಡಿದರು. ನಮ್ಮಲ್ಲಿ ಬಂಡೆಯ ಬುಡಕ್ಕೆ ಕಸ ಸುರಿಯುತ್ತಾರೆ.

ಕಸದ ದೂರನ್ನೂ ಕೊಟ್ಟಾಗಿದೆ. ‘ನಮ್ಮ ವಿಭಾಗಕ್ಕೆ ಬರುವುದಿಲ್ಲ’ ಅಂದರು. ಕೆಟ್ಟ ಬೀದಿದೀಪಕ್ಕೂ ಅದೇ ಉತ್ತರ. ತುಂಬಿ ಹರಿಯುವ ಚರಂಡಿಗೂ ಅದೇ. ಚುನಾವಣೆ ಬಂದಾಗ ಮಾತ್ರ ನಮ್ಮ ಗಲ್ಲಿ ಎಲ್ಲರ ವಿಭಾಗಕ್ಕೂ ಬರುತ್ತದೆ.

ಕೂಡಲೇ ಡ್ರಿಲ್ ನಿಲ್ಲಿಸಿ, ಭೂವಿಜ್ಞಾನ ತಿಳಿದವರಿಂದ ಬಂಡೆ ಪರೀಕ್ಷೆ ಮಾಡಿಸಿ. ಮೆಟ್ಟಿಲನ್ನೂ ತೆರೆಯಿರಿ. ಚರಂಡಿಯನ್ನೂ ನೋಡಿ. ಮಳೆಯನ್ನು ದೂರಿದ ಅಧಿಕಾರಿಗಳು ಒಮ್ಮೆ ಇಲ್ಲಿ ಬಂದು ನಿಲ್ಲಲಿ. ಸಂಬಳ ತೆಗೆದುಕೊಳ್ಳುವವರಿಗೆ ಇಷ್ಟಾದರೂ ನಾಚಿಕೆ ಬೇಡವೇ?

– ನೊಂದ ನಿವಾಸಿ, ಅಂಧೇರಿ ಪಶ್ಚಿಮ, ಮುಂಬೈ