ಬೋರಾ ಮತ್ತು ಐದು ಜೆರ್ಸಿ

ನಮ್ಮ ಸಂಘದ ಕೂಟಕ್ಕೆ ಹೊಸಬರು ಬಂದರೆ ಮೊದಲ ಪ್ರಶ್ನೆ, ‘ಇದಕ್ಕೆ ಮುಂಚೆ ಎಲ್ಲಿದ್ರಿ?’ ಎರಡು ದೇಶ ಸುತ್ತಿ ಬಂದವರು ಅರ್ಧ ಗಂಟೆ ಹೇಳುತ್ತಾರೆ. ನಾನೂ ಅದೇ ಜಾತಿ. ಫುಟ್‌ಬಾಲ್ ಕೋಚ್ ಬೋರಾ ಮಿಲುಟಿನೋವಿಚ್‌ಗೆ ಈ ಪ್ರಶ್ನೆ ಕೇಳಿದರೆ ಮಾತ್ರ ಎಲೆ ಮೇಲಿನ ಅನ್ನ ಆರಿಹೋದೀತು.

ಬೋರಾ ಹುಟ್ಟಿದ್ದು 1944ರಲ್ಲಿ, ಸರ್ಬಿಯಾದಲ್ಲಿ. ಇಬ್ಬರು ಅಣ್ಣಂದಿರೂ ಫುಟ್‌ಬಾಲ್ ಆಡುತ್ತಿದ್ದರು, ಮೂವರೂ ಬೆಲ್‌ಗ್ರೇಡಿನ ಪಾರ್ಟಿಜಾನ್ ಕ್ಲಬ್ಬಿನವರು. ಅಲ್ಲಿಂದ ಸ್ವಿಟ್ಜರ್ಲೆಂಡ್, ಫ್ರಾನ್ಸ್, ಕೊನೆಗೆ ಮೆಕ್ಸಿಕೋ ಸಿಟಿಯ ಪೂಮಾಸ್ ಕ್ಲಬ್ಬು. ಆಟಗಾರರಾಗಿ ಅಂಥ ದೊಡ್ಡ ಹೆಸರೇನಲ್ಲ ಬಿಡಿ. ಪೂಮಾಸ್‌ನಲ್ಲೇ ಬೂಟು ಬಿಚ್ಚಿಟ್ಟು ಕೋಚ್ ಆದರು. ಮದುವೆಯಾಗಿದ್ದೂ ಮೆಕ್ಸಿಕೋದವರನ್ನೇ.

ಆಮೇಲೆ ಶುರುವಾಯಿತು ನೋಡಿ. 1986ರಲ್ಲಿ ಮೆಕ್ಸಿಕೋ, 1990ರಲ್ಲಿ ಕೋಸ್ಟರಿಕಾ, 1994ರಲ್ಲಿ ಅಮೆರಿಕ, 1998ರಲ್ಲಿ ನೈಜೀರಿಯಾ, 2002ರಲ್ಲಿ ಚೀನಾ. ಸಾಲಾಗಿ ಐದು ವಿಶ್ವಕಪ್, ಐದು ದೇಶ. ಮೊದಲ ನಾಲ್ಕೂ ತಂಡಗಳು ಗುಂಪು ಹಂತ ದಾಟಿದವು.

ನನಗೆ ಜಾಸ್ತಿ ಇಷ್ಟ ಕೋಸ್ಟರಿಕಾದ ಕಥೆ. ಅದು ಆ ದೇಶದ ಮೊದಲ ವಿಶ್ವಕಪ್. ಟೂರ್ನಿಗೆ ಕೆಲವೇ ತಿಂಗಳಿರುವಾಗ ಬೋರಾ ಬಂದರು. ಸ್ಕಾಟ್ಲೆಂಡ್ ಎದುರು ಮೊದಲ ಪಂದ್ಯ. ಕೋಸ್ಟರಿಕಾದ ಹಾರಾ ಹಿಮ್ಮಡಿಯಲ್ಲಿ ಮೆಲ್ಲಗೆ ಚೆಂಡು ತಳ್ಳಿದರು, ಕಯಾಸೋ ಅದನ್ನು ಬಲೆಗೆ ಸೇರಿಸಿದರು. 1–0. ಮುಂದಿನ ಪಂದ್ಯ ಟುರಿನ್‌ನಲ್ಲಿ, ಬ್ರೆಜಿಲ್ ಜೊತೆ. ಕೆಂಪು ಅಂಗಿಯ ಕೋಸ್ಟರಿಕಾ ಅಂದು ಕಪ್ಪು ಬಿಳಿ ಪಟ್ಟೆ ತೊಟ್ಟು ಮೈದಾನಕ್ಕಿಳಿಯಿತು. ಟುರಿನ್ ಯುವೆಂಟಸ್ ಕ್ಲಬ್ಬಿನ ಊರು, ಅವರ ಜೆರ್ಸಿಯೂ ಕಪ್ಪು ಬಿಳಿ ಪಟ್ಟೆಯದೇ! ಪರ ಊರಿನಲ್ಲಿ ನಾಲ್ಕು ಜನ ನಮ್ಮವರಾಗಬೇಕಾದರೆ ಏನೇನು ಮಾಡಬೇಕೋ ಅದೆಲ್ಲ ಮಾಡಬೇಕು, ಅಲ್ವಾ? ಬ್ರೆಜಿಲ್ ಗೆದ್ದಿತು, ಆದರೆ ಒಂದೇ ಗೋಲಿನಿಂದ. ಆಮೇಲೆ ಸ್ವೀಡನ್ನನ್ನು 2–1ರಿಂದ ಸೋಲಿಸಿ ಕೋಸ್ಟರಿಕಾ ನಾಕೌಟ್‌ಗೆ ಹೋಯಿತು.

ಹನ್ನೆರಡು ವರ್ಷ ಕಳೆಯಿತು. ಕೊರಿಯಾದ ಗ್ವಾಂಗ್ಜುವಿನಲ್ಲಿ ಚೀನಾದ ಮೊಟ್ಟಮೊದಲ ವಿಶ್ವಕಪ್ ಪಂದ್ಯ. ಬೆಂಚಿನಲ್ಲಿ ಬೋರಾ. ಎದುರಾಳಿ ಯಾರು ಅಂತೀರಿ? ಅದೇ ಕೋಸ್ಟರಿಕಾ. ಅವರ ಕೋಚ್ ಅಲೆಕ್ಸಾಂಡ್ರೆ ಗಿಮರಾಯ್ಸ್, 1990ರಲ್ಲಿ ಬೋರಾ ಕೈಕೆಳಗೆ ಆಡಿದ್ದವರು. ಶಿಷ್ಯ 2–0ಯಿಂದ ಗೆದ್ದರು. ಚೀನಾ ಆ ವಿಶ್ವಕಪ್‌ನಲ್ಲಿ ಒಂದೂ ಗೋಲು ಹೊಡೆಯಲಿಲ್ಲ. ಬೋರಾ ಪಟ್ಟಿಯಲ್ಲಿ ಗುಂಪು ಹಂತ ದಾಟದೆ ಉಳಿದ ತಂಡ ಅದೊಂದೇ.

ಈ ಗಿಮರಾಯ್ಸ್ ಕೂಡ ಸುಮ್ನೆ ಒಂದು ಕಡೆ ಕೂತವರಲ್ಲ. ಹುಟ್ಟಿದ್ದು ಬ್ರೆಜಿಲ್‌ನಲ್ಲಿ, ಆಡಿದ್ದು ಕೋಸ್ಟರಿಕಾಕ್ಕೆ, 2016ರಲ್ಲಿ ಬಂದಿದ್ದು ಮುಂಬೈಗೆ. 2017ರ ನವೆಂಬರ್‌ನಲ್ಲಿ ಬೆಂಗಳೂರು ಎಫ್‌ಸಿ ಕಂಠೀರವದಲ್ಲಿ ತನ್ನ ಮೊದಲ ಐಎಸ್‌ಎಲ್ (ಇಂಡಿಯನ್ ಸೂಪರ್ ಲೀಗ್) ಪಂದ್ಯ ಆಡಿತಲ್ಲ, ಅವತ್ತು ಮುಂಬೈ ತಂಡದ ಕೋಚ್ ಇವರೇ. ಆ ಪಂದ್ಯವೂ 2–0ಯಲ್ಲೇ ಮುಗಿಯಿತು. ಗೆದ್ದವರು ಈ ಸಲ ನಾವು.