ಮೊಟ್ಟೆಗೆ ಕೇಳ್ತೀರಿ, ಪಾಠಕ್ಕೂ ಕೇಳಿ

ಮಾನ್ಯ ಶಾಲಾ ಶಿಕ್ಷಣ ಸಚಿವರಿಗೆ,

ನಮಸ್ಕಾರ. ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸರ್ಕಾರಿ ಶಾಲೆಯ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯ. ನಮ್ಮ ಕಡೆ ಜುಲೈ ಬಂತೆಂದರೆ ಮಳೆ ರಜೆ. ಹಳ್ಳ ತುಂಬಿದಾಗ ಕಾಲುಸಂಕ ದಾಟೋದು ದೊಡ್ಡವರಿಗೇ ಕಷ್ಟ. ಹಾಗಾಗಿ ರಜೆ ಬಗ್ಗೆ ತಕರಾರಿಲ್ಲ. ತಕರಾರು ಆಮೇಲಿನದ್ದು. ತಪ್ಪಿದ ಪಾಠ ತುಂಬಿಸಲು ಶನಿವಾರ ಸಂಜೆವರೆಗೂ ಶಾಲೆ ಅಂತ ಕಳೆದ ವರ್ಷ ಸಭೆಯಲ್ಲಿ ತೀರ್ಮಾನವಾಯಿತು. ನಾನೂ ಸಹಿ ಹಾಕಿದೆ. ಮನೆಗೆ ಬಂದು ಹೇಳಿದರೆ ಏಳನೇ ಕ್ಲಾಸಿನ ಮಗಳು, "ಅಪ್ಪಾ, ನಮ್ಮನ್ನ ಯಾರಾದ್ರೂ ಕೇಳಿದ್ರಾ?" ಎಂದಳು.

ಕೇಳಿರಲಿಲ್ಲ. ಒಂದು ಭಾನುವಾರ ಅವಳ ಕ್ಲಾಸಿನ ಮಕ್ಕಳನ್ನು ಜಗಲಿಯಲ್ಲಿ ಕೂರಿಸಿ ಸುಮ್ನೆ ಕೇಳಿದೆ. ದಿನವಿಡೀ ಆಟದ ಪೀರಿಯಡ್ ಬೇಕು ಅಂತಾರೆ ಎಂದುಕೊಂಡಿದ್ದೆ. (ಒಬ್ಬ ಅಂದ, ಸುಳ್ಳು ಹೇಳಲ್ಲ.) ಉಳಿದವರ ಮಾತೇ ಬೇರೆ. ಶನಿವಾರ ಮಧ್ಯಾಹ್ನ ಗಣಿತ ತಲೆಗೆ ಹತ್ತೋದಿಲ್ಲ. ಬಸ್ಸು ತಪ್ಪಿದರೆ ಮಳೆಗತ್ತಲಲ್ಲಿ ಕಾಡುದಾರಿ ನಡೀಬೇಕು. ಅದರ ಬದಲು ದೀಪಾವಳಿ ಕಳೆದ ಮೇಲೆ ದಿನಾ ಬೆಳಿಗ್ಗೆ ಅರ್ಧ ಗಂಟೆ ಮುಂಚೆ ಬರ್ತೀವಿ, ಆಗಲ್ವಾ? ಚಳಿಯಲ್ಲಿ ಏಳ್ತೀರಾ ಅಂದೆ. "ಅಡಿಕೆ ಬೇಯಿಸೋಕೆ ಮನೆಯವರೆಲ್ಲ ಎದ್ದೇ ಇರ್ತಾರಲ್ಲ" ಎಂದಳು ಒಬ್ಬ ಹುಡುಗಿ. ಸಭೆಯಲ್ಲಿ ಕೂತಿದ್ದ ಅಷ್ಟು ಜನ ದೊಡ್ಡವರಿಗೆ ಇದು ಹೊಳೆದಿರಲಿಲ್ಲ.

ಪಂಚಾಯಿತಿ ನಡೆಸುವ ಮಕ್ಕಳ ಗ್ರಾಮಸಭೆ ಇದೆಯಲ್ಲ ಎನ್ನಬಹುದು. ಇದೆ, ಒಳ್ಳೆಯದೇ. ಶೌಚಾಲಯ, ಕಾಂಪೌಂಡು, ನೀರು ಕೇಳಿದರೆ ಅಲ್ಲಿ ಬರೆದುಕೊಳ್ಳುತ್ತಾರೆ. ಆದರೆ "ಇಂಗ್ಲಿಷ್ ಬರೀ ಬರೆಸ್ತಾರೆ, ಮಾತಾಡೋದು ಕಲಿಸಿ" ಎಂದರೆ ಪಂಚಾಯಿತಿಯವರು ತಾನೇ ಏನು ಮಾಡಿಯಾರು? ಅದು ನಿಮ್ಮ ಇಲಾಖೆಯ ಕೆಲಸ. ನಿಮ್ಮ ಇಲಾಖೆಯವರು ಆ ಪ್ರಶ್ನೆಯನ್ನು ಮಕ್ಕಳ ಬಾಯಿಂದ ಕೇಳೋದು ಎಲ್ಲಿ?

ಬಿಸಿಯೂಟದ ಹೊತ್ತಿಗೆ ಮೊಟ್ಟೆ ಬೇಕಾ, ಬಾಳೆಹಣ್ಣು ಬೇಕಾ ಅಂತ ಮಕ್ಕಳನ್ನೇ ಕೇಳ್ತೀರಿ. ಪಾಠದ ವಿಷಯ ಬಂದಾಗ ಮಾತ್ರ ಅವರಿಗೇನು ಗೊತ್ತು ಅಂತೀವಿ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯನ್ನು ಭಾರತ 1992ರಲ್ಲೇ ಒಪ್ಪಿದೆ. ತಮಗೆ ಸಂಬಂಧಪಟ್ಟ ವಿಷಯದಲ್ಲಿ ಮಕ್ಕಳು ಅಭಿಪ್ರಾಯ ಹೇಳಬಹುದು, ವಯಸ್ಸಿಗೆ ತಕ್ಕಂತೆ ಅದಕ್ಕೆ ಬೆಲೆ ಕೊಡಬೇಕು ಎನ್ನುತ್ತದೆ ಅದರ 12ನೇ ವಿಧಿ. ಹೇಳಿದ್ದೆಲ್ಲ ಮಾಡಿ ಅಂತಲ್ಲ, ಕೇಳಿ ಅಂತ.

ನಾನು ಕೇಳೋದೂ ಅಷ್ಟೇ, ಒಂದು ಸುತ್ತೋಲೆ. ವೇಳಾಪಟ್ಟಿ ಅಥವಾ ಮಳೆ ರಜೆಯ ತರಗತಿ ತೀರ್ಮಾನಿಸುವ ಮುಂಚೆ ಮಕ್ಕಳನ್ನು ಕೇಳಬೇಕು. ಅವರು ಹೇಳಿದ್ದು ನಡಾವಳಿ ಪುಸ್ತಕಕ್ಕೆ ಏರಬೇಕು. ಆಗದಿದ್ದರೆ ಯಾಕೆ ಆಗಲ್ಲ ಅಂತ ಅವರಿಗೇ ಹೇಳಬೇಕು. ಇದಕ್ಕೆ ದುಡ್ಡಂತೂ ಬೇಡ. ಮುಂಗಾರಿಗೆ ಮೊದಲೇ ಬಂದರೆ ನಮ್ಮ ಮುಂದಿನ ಸಭೆಗೆ ಒದಗುತ್ತದೆ.

ಇಂತಿ,
ಕೇಳದೆ ಸಹಿ ಹಾಕಿದ ಒಬ್ಬ ಅಪ್ಪ