ಜೂನ್ 1ರಿಂದ ಹೊಸ ಎಲ್‌ಆರ್ (ಲಾರಿ ರಸೀದಿ): ಸರಕಿನ ವಿಮೆ ಕುರಿತು ನಮ್ಮ ಗ್ರಾಹಕರಿಗೆ

ಮಾನ್ಯ ಗ್ರಾಹಕರೇ,

ಬರುವ ಜೂನ್ 1ರಿಂದ ನಮ್ಮ ಸಂಘದ ಲಾರಿಗಳಿಗೆ ಬುಕ್ ಆಗುವ ಪ್ರತಿ ಲೋಡಿನ ಎಲ್‌ಆರ್‌ನಲ್ಲಿ ಎರಡು ಹೊಸ ಕಾಲಂಗಳಿರುತ್ತವೆ. ಸರಕಿನ ಮೌಲ್ಯ ಎಷ್ಟು, ಅದಕ್ಕೆ ವಿಮೆ ಮಾಡಿಸಿದವರು ಯಾರು. ಇವೆರಡನ್ನೂ ತುಂಬಿ ನೀವು ಸಹಿ ಹಾಕುವವರೆಗೆ ಬೈಕಂಪಾಡಿಯಿಂದ ಲಾರಿ ಹೊರಡುವುದಿಲ್ಲ. ರಸೀದಿಯ ಅಡಿಯಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತಿದ್ದ ‘ಸರಕು ಮಾಲೀಕರ ಹೊಣೆಯಲ್ಲಿ’ ಎಂಬ ಸಾಲನ್ನು ತೆಗೆದುಹಾಕಿದ್ದೇವೆ. ಅದನ್ನು ಅಚ್ಚು ಹಾಕಿಸಿದ ಮಾತ್ರಕ್ಕೆ ಲಾರಿಯವರ ಹೊಣೆ ತಪ್ಪುವುದಿಲ್ಲ, ನಿಮ್ಮ ಸರಕಿಗೆ ರಕ್ಷಣೆಯೂ ಸಿಗುವುದಿಲ್ಲ.

ಮೌಲ್ಯ ಕೇಳಿದರೆ ಕೌಂಟರಿನಲ್ಲಿ ಸಾಮಾನ್ಯವಾಗಿ ಬರುವ ಉತ್ತರ, “ಲಾರಿಗೆ ಇನ್ಶೂರೆನ್ಸ್ ಇದೆಯಲ್ಲ, ಮತ್ತೇನು?” ಇದೆ, ಇಲ್ಲದೆ ಲಾರಿ ರಸ್ತೆಗಿಳಿಯುವಂತಿಲ್ಲ. ಆದರೆ 1988ರ ಮೋಟಾರು ವಾಹನ ಕಾಯ್ದೆ ಕಡ್ಡಾಯ ಮಾಡಿರುವುದು ಥರ್ಡ್ ಪಾರ್ಟಿ ವಿಮೆಯನ್ನು. ನಮ್ಮ ಲಾರಿಯಿಂದ ಬೇರೆಯವರಿಗಾದ ಹಾನಿಗೆ ಅದು. ಪೂರ್ಣ ಪಾಲಿಸಿಯಿದ್ದರೆ ಲಾರಿಯ ರಿಪೇರಿಗೂ ಹಣ ಬರುತ್ತದೆ. ಟರ್ಪಾಲಿನ ಅಡಿಯಲ್ಲಿರುವ ನಿಮ್ಮ ಗೋಣಿಗೆ ಅದರಿಂದ ಬಿಡಿಗಾಸೂ ಸಿಗುವುದಿಲ್ಲ.

ಸಾಗಣೆದಾರರಾಗಿ ನಮಗೆ ಹೊಣೆ ಇದೆ, ಅದಕ್ಕೊಂದು ಮಿತಿಯೂ ಇದೆ. ಹಿಂದೆ ಇದ್ದದ್ದು 1865ರ ಕಾಯ್ದೆ. ಜೆಪ್ಪುವಿನಲ್ಲಿ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾದದ್ದೂ ಅದೇ ವರ್ಷ. ಎತ್ತಿನ ಗಾಡಿಯ ಕಾಲದ ಆ ಕಾನೂನಿನಲ್ಲೇ ಲಾರಿಗಳೂ ಓಡಿದವು. ಅದರ ಜಾಗಕ್ಕೆ 2007ರ ರಸ್ತೆ ಸಾಗಣೆ ಕಾಯ್ದೆ ಬಂದು, 2011ರಲ್ಲಿ ಜಾರಿಯಾಯಿತು. ಇದರ ಪ್ರಕಾರ ಸರಕು ಹಾಳಾದರೆ ನಮ್ಮ ನಿರ್ಲಕ್ಷ್ಯವನ್ನು ನೀವು ಸಾಬೀತು ಮಾಡಬೇಕಿಲ್ಲ. ಆದರೆ ಬುಕಿಂಗ್ ವೇಳೆ ಹೆಚ್ಚಿನ ಮೌಲ್ಯ ಘೋಷಿಸದಿದ್ದರೆ ಪರಿಹಾರದ ಮಿತಿ ಬಾಡಿಗೆಯ ಹತ್ತು ಪಟ್ಟು. ಬೆಂಗಳೂರಿಗೆ 20,000 ರೂಪಾಯಿ ಬಾಡಿಗೆ ಎಂದಿಟ್ಟುಕೊಂಡರೆ 2 ಲಕ್ಷ. ಹೆಂಚಿನ ಲೋಡಿಗೆ ಇದು ಸಾಕಾದೀತು. ಹತ್ತು ಟನ್ ಗೇರುಬೀಜದ ತಿರುಳಿಗೆ? ಅದರ ಬೆಲೆ ಅರ್ಧ ಕೋಟಿ ದಾಟುತ್ತದೆ.

ಹೆಚ್ಚಿನ ಮೌಲ್ಯ ಘೋಷಿಸಿದರೆ ಆ ಮಟ್ಟಿಗೆ ಹೊಣೆ ಹೊರಲು ನಾವು ಸಿದ್ಧ. ಅದಕ್ಕೆ ಬಾಡಿಗೆಯ ಮೇಲೆ ಹೆಚ್ಚುವರಿ ದರವಿದೆ, ಕಾನೂನು ಅದಕ್ಕೆ ಅವಕಾಶ ಕೊಟ್ಟಿದೆ. ದರಪಟ್ಟಿಯನ್ನು ಕೌಂಟರಿನಲ್ಲಿ ಅಂಟಿಸಿದ್ದೇವೆ. ಆದರೂ ದೊಡ್ಡ ಮೊತ್ತದ ಸರಕಿಗೆ ನೀವೇ ವಿಮೆ ಮಾಡಿಸುವುದು ಮೇಲು ಎಂದು ಹೇಳುತ್ತೇವೆ. ದೈವಕೃತ್ಯದಿಂದಾದ ನಷ್ಟಕ್ಕೆ ಸಾಗಣೆದಾರ ಹೊಣೆಯಲ್ಲ ಎಂಬುದೂ ಇದೇ ಕಾಯ್ದೆಯಲ್ಲಿದೆ. ಗುಡ್ಡ ಕುಸಿದು ಲಾರಿ ಮಣ್ಣಿನಡಿ ಸಿಕ್ಕಿದರೆ ನಮ್ಮಿಂದ ಏನೂ ಸಿಗದಿರಬಹುದು. 2018ರ ಆಗಸ್ಟ್‌ನಲ್ಲಿ ಶಿರಾಡಿ, ಸಂಪಾಜೆ ಎರಡೂ ಘಾಟಿ ದಾರಿ ಮುಚ್ಚಿದ್ದು ಈ ಊರಿನ ವ್ಯಾಪಾರಿಗಳಿಗೆ ಮರೆತಿರಲಾರದು.

ವಿಮೆ ಕೊಳ್ಳುವಾಗ ‘ಮಾಡಿಸಿದ್ದೇನೆ’ ಎಂಬಷ್ಟಕ್ಕೆ ತೃಪ್ತರಾಗಬೇಡಿ, ಯಾವ ಕ್ಲಾಸ್ (ಪಾಲಿಸಿಯ ಷರತ್ತು) ಎಂದು ಕೇಳಿ. ಒಳನಾಡಿನ ಸಾಗಣೆಗೆ ಎ, ಬಿ, ಸಿ ಎಂದು ಮೂರಿವೆ. ಸಿ ಎಂದರೆ ಬೆಂಕಿ ಮತ್ತು ಸಿಡಿಲು, ಅಷ್ಟೇ. ಬಿಯಲ್ಲಿ ಅದರ ಜೊತೆಗೆ ಸೇತುವೆ ಕುಸಿತ, ಡಿಕ್ಕಿ, ಲಾರಿ ಮಗುಚುವುದು ಸೇರುತ್ತವೆ. ಮಳೆನೀರು, ಕಳ್ಳತನ ಇತ್ಯಾದಿಗೆ ಎ ಬೇಕು. ಹಿಂಬದಿಯ ಮೂಲೆಯಲ್ಲಿ ಹಗ್ಗ ಉಜ್ಜಿ ಟರ್ಪಾಲು ಬೆರಳಗಲ ಹರಿದರೆ ಸಾಕು, ಘಾಟಿ ಹತ್ತುವಷ್ಟರಲ್ಲಿ ಚಾಲಿ ಅಡಿಕೆಯ ಗೋಣಿ ತೊಯ್ದಿರುತ್ತದೆ. ಅಹಮದಾಬಾದಿನಲ್ಲಿ ಇಳಿಸುವಾಗ ಬೂಷ್ಟು ಹಿಡಿದಿರುತ್ತದೆ. ಬಿ ಪಾಲಿಸಿ ಹಿಡಿದುಕೊಂಡು ಹೋದರೆ ಬರಿಗೈ. ಬಂದ್, ಗಲಭೆಯ ಹಾನಿಗೆ ಎಯಲ್ಲೂ ಪ್ರತ್ಯೇಕವಾಗಿ ಸೇರಿಸಿಕೊಳ್ಳಬೇಕು. ತಡವಾದ ಕಾರಣಕ್ಕೆ ಆಗುವ ನಷ್ಟ ಮತ್ತು ಪ್ಯಾಕಿಂಗ್ ದೋಷ ಮೂರರಲ್ಲೂ ಹೊರಗೆ. ಮೀನಿನ ವ್ಯಾಪಾರಿಗಳು ಇದನ್ನು ಆಗಸ್ಟ್‌ನಲ್ಲಿ ದೋಣಿ ಕಡಲಿಗೆ ಇಳಿಯುವ ಮೊದಲೇ ಗಮನಿಸಲಿ: ಘಾಟಿಯಲ್ಲಿ ಲಾರಿ ನಿಂತು ಐಸ್ ಕರಗಿದ್ದು ವಿಮೆಯ ಲೆಕ್ಕಕ್ಕೆ ಬರುವುದು ಕಷ್ಟ.

ಪ್ರೀಮಿಯಂ ಉಳಿಸಲು ಮೌಲ್ಯ ಕಡಿಮೆ ಬರೆಸಬೇಡಿ. ಅರ್ಧ ಮೌಲ್ಯಕ್ಕೆ ವಿಮೆ ಮಾಡಿಸಿದರೆ ನಷ್ಟದಲ್ಲೂ ಅರ್ಧವೇ ಸಿಗುತ್ತದೆ. ಇನ್‌ವಾಯ್ಸ್ ಮೊತ್ತ, ಬಾಡಿಗೆ, ಮೇಲೆ ಶೇ. 10 ಸೇರಿಸುವುದು ರೂಢಿ. ತಿಂಗಳು ತಿಂಗಳು ಸರಕು ಕಳುಹಿಸುವವರಿಗೆ ವರ್ಷಕ್ಕೊಂದು ಓಪನ್ ಪಾಲಿಸಿ (ಎಲ್ಲ ಲೋಡಿಗೂ ಸೇರಿ ಒಂದೇ ಪಾಲಿಸಿ) ಸುಲಭ. ಅದರ ನಂಬರನ್ನು ನಮಗೆ ಒಮ್ಮೆ ಕೊಟ್ಟರೆ ಪ್ರತಿ ಎಲ್‌ಆರ್‌ನಲ್ಲೂ ನಾವೇ ಬರೆಯುತ್ತೇವೆ. ಪಾಲಿಸಿಯನ್ನು ನಾವು ಮಾರುವುದಿಲ್ಲ, ಕಮಿಷನ್ನೂ ಪಡೆಯುವುದಿಲ್ಲ.

ಇಳಿಸುವ ಕಡೆಯ ನಿಮ್ಮವರಿಗೂ ಒಂದು ಮಾತು ತಿಳಿಸಿ. ರಾತ್ರಿ ಹನ್ನೊಂದಕ್ಕೆ ಲಾರಿ ಬಂದರೆ ಗೋದಾಮಿನವರು ಟಾರ್ಚ್ ಬೆಳಕಿನಲ್ಲಿ ಎಲ್‌ಆರ್‌ಗೆ ಸಹಿ ಹಾಕಿ ಕಳುಹಿಸಿಬಿಡುತ್ತಾರೆ. ಚೀಲ ಕಡಿಮೆಯಿದ್ದರೆ, ನೆನೆದಿದ್ದರೆ ಸಹಿಯ ಪಕ್ಕದಲ್ಲೇ ಅದನ್ನು ಬರೆಯಲಿ, ನಮ್ಮ ಚಾಲಕರೂ ಅಲ್ಲೇ ಸಹಿ ಹಾಕುತ್ತಾರೆ. ವಿಮಾ ಕಂಪನಿಗೆ ಕೂಡಲೇ ತಿಳಿಸಿ, ನಷ್ಟ ಅಂದಾಜು ಮಾಡುವ ಸರ್ವೇಯರ್ ನೋಡುವವರೆಗೆ ಸರಕನ್ನು ಕದಲಿಸಬೇಡಿ. ನಮ್ಮ ವಿರುದ್ಧದ ದೂರನ್ನು ಬುಕಿಂಗ್ ದಿನದಿಂದ 180 ದಿನಗಳೊಳಗೆ ಲಿಖಿತವಾಗಿ ಕೊಡಬೇಕು. ನಿಮಗೆ ಹಣ ಕೊಟ್ಟ ವಿಮಾ ಕಂಪನಿ ಆಮೇಲೆ ವಸೂಲಿಗೆ ನಮ್ಮ ಬಳಿ ಬರುವುದು ಉಂಟು, ಅದಕ್ಕಾಗಿಯೂ ಈ ಲಿಖಿತ ದೂರು ಬೇಕು. ಇದರಿಂದ ನಮಗೆ ಬೇಸರವಿಲ್ಲ.

ಹೊಸ ಎಲ್‌ಆರ್‌ನ ಮಾದರಿ ಪ್ರತಿ ಈ ಪತ್ರದ ಜೊತೆಗಿದೆ. ಮೇ ಕೊನೆಯ ವಾರದೊಳಗೆ ಪಾಲಿಸಿಯ ಪ್ರತಿಯನ್ನು ಕಚೇರಿಗೆ ತಲುಪಿಸಿದರೆ ಜೂನ್ ಮೊದಲ ದಿನ ಕೌಂಟರಿನಲ್ಲಿ ಕಾಯುವುದು ತಪ್ಪುತ್ತದೆ.

ಇಂತಿ,
ಕಾರ್ಯದರ್ಶಿ
ಲಾರಿ ಮಾಲೀಕರ ಸಹಕಾರ ಸಂಘ, ಬೈಕಂಪಾಡಿ, ಮಂಗಳೂರು